ಕರೆಗಂಟೆಗೆ ಮುಂಚೆ

“ಇನ್ನೊಂದ್ಸಲ ಹಾಕು” ಎಂದ ಸಂಗೀತ ನಿರ್ದೇಶಕ. ಹಿಂದೆ ಕೂತಿದ್ದ ಸೌಂಡಿನವನು ಮೂಗಿನಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಕೇಳಿಸಲಿ ಎಂದೇ ಬಿಟ್ಟಿದ್ದ. ಬೆಳಿಗ್ಗೆಯಿಂದ ಪರದೆಯ ಮೇಲೆ ಅದೇ ಮೆಟ್ಟಿಲು, ಅದೇ ಮಂಕು ಬಲ್ಬು, ಮೆಟ್ಟಿಲು ಹತ್ತಿ ಬರುವ ಅದೇ ಹೆಂಗಸು. ಹಿನ್ನೆಲೆ ಸಂಗೀತ ಕೂಡಿಸುವಾಗ ಚಿತ್ರ ಮೂಕವಾಗಿ ಓಡುತ್ತದೆ. ಮಾತಿಲ್ಲ, ಹೆಜ್ಜೆಯ ಸದ್ದೂ ಇಲ್ಲ. ಬರೀ ಮುಖಗಳನ್ನು ನೋಡಿ, ಇವರ ಹೊಟ್ಟೆಯೊಳಗೆ ಏನಿದೆ ಎಂದು ಊಹಿಸಿ, ಅಲ್ಲಿಗೊಂದು ಸ್ವರ ಇಡುವುದು ಅವನ ಕಸುಬು. ತುಟಿಯಲ್ಲಿ ನಗು ಇದ್ದರೂ ಕೆಳಗೆ ಅಳುವ ಪಿಟೀಲು ಹಾಕಿದರೆ ನೋಡುವವರು ನಗುವನ್ನು ನಂಬುವುದಿಲ್ಲ, ಪಿಟೀಲನ್ನು ನಂಬುತ್ತಾರೆ. ಈ ಅಧಿಕಾರ ಅವನಿಗೆ ಬಹಳ ವರ್ಷ ಹಿತವಾಗಿತ್ತು. ಮುಖದ ಕೆಳಗೆ ಇನ್ನೊಂದನ್ನು ಹುಡುಕಿ ಹುಡುಕಿ ಅದೇ ಚಾಳಿಯಾಗಿ, ಈಗ ಪೇಪರಿನವನು ನಕ್ಕರೂ ಇವನೇಕೆ ನಕ್ಕ ಎಂದು ಸಂಜೆಯವರೆಗೆ ಯೋಚಿಸುವ ಮಟ್ಟಕ್ಕೆ ಬಂದಿದ್ದ.

ಚಿತ್ರ ಒಂದು ಹಳೆಯ ಕಾದಂಬರಿಯದು. ಈ ದೃಶ್ಯಕ್ಕೆ ಕಾದಂಬರಿಯಲ್ಲಿರುವುದು ಒಂದೇ ಸಾಲು: ಸಂಜೆ ಅವಳು ಮನೆಗೆ ಬಂದಳು. ಎಲ್ಲಿಂದ ಬಂದಳು ಎಂದು ಬರೆದವರು ಹೇಳಿಲ್ಲ, ಹೇಳದೆಯೇ ತೀರಿಕೊಂಡರು. ಅವಳಿಗೆ ಯಾರೋ ಇದ್ದಾನೆ ಎನ್ನುವ ಓದುಗರು ಒಂದು ಕಡೆ, ಪಾಪ ಸುಮ್ಮನೆ ನಾಲ್ಕು ಹೆಜ್ಜೆ ನಡೆದು ಬಂದಿದ್ದಾಳೆ ಎನ್ನುವವರು ಇನ್ನೊಂದು ಕಡೆ. ಒಂದು ತಲೆಮಾರೇ ಈ ಜಗಳದಲ್ಲಿ ಕಾಲ ಕಳೆದಿತ್ತು. ಡೈರೆಕ್ಟರ್ ಮಾತ್ರ ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡಿದ್ದ. “ನಾನು ಏನೂ ಹೇಳಲ್ಲ ಮೇಷ್ಟ್ರೇ. ಅವಳು ಎಲ್ಲಿಂದ ಬಂದ್ಳು ಅನ್ನೋದನ್ನ ನಿಮ್ಮ ಮ್ಯೂಸಿಕ್ ಹೇಳ್ಲಿ.” ಎಂಥ ಜಾಣ. ನಾಳೆ ಬೈಗುಳ ಬಂದರೆ ಮೇಷ್ಟ್ರ ತಲೆಗೆ, ಹೊಗಳಿಕೆ ಬಂದರೆ ತನ್ನ ಕೊರಳಿಗೆ.

ಪರದೆಯ ಮೇಲೆ ಹೆಂಗಸು ಬಂದಳು. ಬಾಗಿಲ ಮುಂದೆ ನಿಂತಳು. ಕರೆಗಂಟೆಗೆ ಕೈ ಹಾಕಲಿಲ್ಲ. ಹೆಗಲ ಚೀಲವನ್ನು ಎಡದಿಂದ ಬಲಕ್ಕೆ ಬದಲಾಯಿಸಿ, ಪಕ್ಕದ ಗೋಡೆಗೆ ಭುಜ ಆನಿಸಿ, ತಲೆ ತುಸು ಬಗ್ಗಿಸಿದಳು. ಆಮೇಲೆ ಹೆಬ್ಬೆರಳಿನಿಂದ ತುಟಿಯ ಎರಡೂ ಕೊನೆಗಳನ್ನು ಒರೆಸಿ, ಒಂದು ನಗು ಹಾಕಿಕೊಂಡು, ಅದು ಬೇಡವೆನಿಸಿ ತೆಗೆದು, ಸ್ವಲ್ಪ ಸಣ್ಣದೊಂದನ್ನು ಹಾಕಿಕೊಂಡು ಗಂಟೆ ಒತ್ತಿದಳು. ಅಷ್ಟೇ ದೃಶ್ಯ. ಮೊದಲ ಸಲ ನೋಡಿದಾಗಲೇ ಅವನಿಗೆ ಗುರುತು ಹತ್ತಿತ್ತು. ಆ ಹೆಬ್ಬೆರಳು ನಟಿಯದಲ್ಲ. ಆ ಚೀಲ ಬದಲಾಯಿಸುವ ರೀತಿ ನಟಿಯದಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುತ್ತ, ಈಗ ಚೆನ್ನಾಗಿ ಕಾಣತ್ತಾ, ಮೊದಲಿನದೇ ಚೆನ್ನಾಗಿತ್ತಾ ಎಂದು ಕೇಳುತ್ತ, ಗಾಜಿನ ಮೇಲಿನ ಮಸುಕನ್ನು ಹೆಬ್ಬೆರಳಿನಿಂದ ಒರೆಸಿ ಒರೆಸಿ ರೂಢಿಯಾದ ಅವನ ಹೆಂಡತಿಯ ಹೆಬ್ಬೆರಳು ಅದು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಬಾಗಿಲ ಮುಂದೆ ಹೀಗೆ ನಿಲ್ಲುವುದನ್ನು ಅವನು ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಅವನು ಯಾವಾಗಲೂ ಬಾಗಿಲ ಒಳಗಡೆ ಪಿಯಾನೋ ಮುಂದೆ ಇರುತ್ತಿದ್ದ. ಅವನಿಗೆ ಕಂಡದ್ದೆಲ್ಲ ಗಂಟೆ ಆದ ಮೇಲಿನ ಮುಖ. ಅದನ್ನೇ ಅವಳ ಮುಖ ಎಂದುಕೊಂಡಿದ್ದ.

ತನ್ನ ಮನೆಗೆ ತಾನು ಬರುವ ಹೆಂಗಸಿಗೆ ಬಾಗಿಲಲ್ಲಿ ಮುಖ ಒರೆಸಿಕೊಳ್ಳುವ ಕೆಲಸವೇನು? ಅಲ್ಲಿವರೆಗೆ ಆ ಮುಖದ ಮೇಲೆ ಏನಿತ್ತು? ಮತ್ತೆ ಕ್ಯಾಮೆರಾ ಇಟ್ಟದ್ದು ಮೇಲಿನ ಮೆಟ್ಟಿಲಿನ ತಿರುವಿನಲ್ಲಿ. ಅಂದರೆ ಅವಳನ್ನು ನೋಡಿದವರು ಮೇಲಿನಿಂದ ನೋಡಿದ್ದಾರೆ. ಅವನ ಮನೆಯ ಮೇಲಿನ ಮಹಡಿಯಲ್ಲಿದ್ದದ್ದು ಒಬ್ಬನೇ, ಮನೆಗಳ ನಕ್ಷೆ ಬರೆದುಕೊಡುವ ಬ್ರಹ್ಮಚಾರಿ. ಮೆತ್ತಗಿನ ಮಾತು, ಮೆತ್ತಗಿನ ಚಪ್ಪಲಿ. ಮೆತ್ತಗಿನ ಚಪ್ಪಲಿಯವರನ್ನು ಅವನು ಎಂದೂ ನಂಬಿದವನಲ್ಲ. ಬಾಗಿಲ ಪಕ್ಕದ ಗೋಡೆಯ ಬಣ್ಣ ಒಂದು ಕಡೆ ಉಜ್ಜಿ ಹೋಗಿದ್ದಕ್ಕೆ ಈ ಮನುಷ್ಯನ ಮೇಲೆ ಒಮ್ಮೆ ರೇಗಿದ್ದ. ಬೀರು, ಮೇಜು ಏನೇನೋ ಹತ್ತಿಸುವಾಗ ತಗುಲಿಸಿದ್ದೀರಿ, ಗೋಡೆ ನಿಮ್ಮ ಅಪ್ಪನ ಮನೆಯದಾ ಎಂದು. ಆತ ಒಂದು ಕ್ಷಣ ಆ ಗುರುತನ್ನು ನೋಡಿ, ಇವನನ್ನು ನೋಡಿ, ಏನೋ ಹೇಳಲು ಹೊರಟವನು ನುಂಗಿಕೊಂಡು, “ಆಗ್ಲಿ ಸಾರ್, ಬಣ್ಣ ಹೊಡೆಸ್ತೀನಿ” ಎಂದಿದ್ದ. ಹೊಡೆಸಿಯೂ ಇದ್ದ. ಸ್ವಲ್ಪ ದಿನಕ್ಕೆ ಅದೇ ಜಾಗ ಮತ್ತೆ ಉಜ್ಜಿ ಹೋಯಿತು. ಎಷ್ಟು ದರ್ಪ ನೋಡು ಎಂದು ಹೆಂಡತಿಯ ಹತ್ತಿರ ಹೇಳಿದಾಗ ಅವಳು ತಟ್ಟೆಯಿಂದ ತಲೆಯೆತ್ತದೆ, “ಹೋಗ್ಲಿ ಬಿಡಿ, ಗೋಡೆ ತಾನೇ” ಎಂದಿದ್ದಳು. ಆಗ ಅದು ಔದಾರ್ಯ ಎನಿಸಿತ್ತು. ಈಗ ಈ ಕತ್ತಲ ಕೋಣೆಯಲ್ಲಿ ಕೂತು ಯೋಚಿಸಿದರೆ ಬೇರೆಯೇ ಏನೋ ಎನಿಸಿತು. ಆತ ನುಂಗಿಕೊಂಡ ಮಾತು ಏನಿದ್ದೀತು?

ಹೋದ ವಾರ ನುಡಿಸುವುದನ್ನು ಬಿಟ್ಟು ಕಿಟಕಿಯಲ್ಲಿ ನಿಂತು ನೋಡಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎನ್ನುತ್ತಾರಲ್ಲ, ಹಾಗೆ. ಅವಳು ಗೇಟು ತೆಗೆದು ಒಳಗೆ ಬಂದಳು. ಅವನು ಕಿಟಕಿ ಬಿಟ್ಟು ಬಂದು ಬಾಗಿಲ ಈಚೆ ಉಸಿರು ಬಿಗಿಹಿಡಿದು ನಿಂತ. ಎರಡು ಮಹಡಿ ಹತ್ತುವುದಕ್ಕೆ ಎಷ್ಟು ಹೊತ್ತು ಬೇಕು? ಗಂಟೆ ಆಗಲಿಲ್ಲ. ಹೆಜ್ಜೆ ಬಂದಂತಾಯಿತು, ನಿಂತಂತಾಯಿತು, ಆಮೇಲೆ ಏನೂ ಇಲ್ಲ. ಬಾಗಿಲು ತೆಗೆದು ನೋಡಿಬಿಡಬಹುದಿತ್ತು. ತೆಗೆಯಲಿಲ್ಲ. ನೋಡಿಬಿಟ್ಟರೆ ಅನುಮಾನಕ್ಕೆ ಜಾಗವಿರುವುದಿಲ್ಲ, ಅದಿಲ್ಲದೆ ಏನು ಮಾಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಬೀದಿ ದೀಪ ಹತ್ತಿದ ಮೇಲೆ ಗಂಟೆಯಾಯಿತು. ನಗುತ್ತ ಒಳಗೆ ಬಂದಳು. “ಲೇಟಾಯ್ತಾ?” ಎಂದ, ಆದಷ್ಟು ಸಾದಾ ದನಿಯಲ್ಲಿ. “ಬಸ್ಸು ಸಿಗ್ಲಿಲ್ಲ ರೀ” ಎಂದಳು. ಸುಳ್ಳು. ಎಷ್ಟು ಸಲೀಸಾದ ಸುಳ್ಳು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮಾರನೆಯ ಸಂಜೆ ಅವಳು ಇನ್ನೂ ಬಾರದಿದ್ದಾಗ ಅಂಗಡಿಗೆ ಫೋನು ಮಾಡಿದ. ಯಜಮಾನ, “ಆಗ್ಲೇ ಹೊರಟ್ರಲ್ಲ ಸಾರ್, ಮಾಮೂಲಿ ಹೊತ್ತಿಗೇನೇ” ಎಂದು, ಒಂದು ಗಳಿಗೆ ತಡೆದು, “ಯಾಕೆ, ಇನ್ನೂ ಬಂದಿಲ್ವಾ?” ಎಂದ. ಆ ತಡೆದ ಗಳಿಗೆಯಲ್ಲಿ ಆತ ಒಳಗೊಳಗೇ ನಕ್ಕ ಎಂದು ಅವನಿಗೆ ಖಾತ್ರಿ. ಫೋನಿಟ್ಟ ಮೇಲೂ ಕಿವಿ ಬಿಸಿಯಾಗಿತ್ತು.

ಅವಳು ಕಾದಂಬರಿ ಓದಿದ್ದಳು. ಅವನಿಗಿಂತ ಮೊದಲೇ, ಮದುವೆಗೆ ಮುಂಚೆಯೇ. ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಬೇಕೆಂದೇ ಕೇಳಿದ್ದ.

“ಆ ಹೆಂಗಸು ಎಲ್ಲಿಗೆ ಹೋಗಿರ್ತಾಳೆ ಅನ್ಸತ್ತೆ ನಿಂಗೆ?”

“ಎಲ್ಲಿಗಾದ್ರೂ ಹೋಗಿರ್ಲಿ. ವಾಪಸ್ ಬಂದ್ಳಲ್ಲ.”

“ಅದು ಉತ್ತರ ಅಲ್ಲ.”

“ಬಂದಳು ಅಂತ ತಾನೆ ಬರ್ದಿರೋದು? ಹೋದಳು ಅಂತ ಎಲ್ಲಿ ಬರ್ದಿದಾರೆ?” ಅಂಗಿಯ ತೋಳನ್ನು ನೇರ ಮಾಡುತ್ತ ಅವಳು ಕೇಳಿದಳು, “ಆ ಮೆಟ್ಟಿಲ ಸೀನಿಗೆ ಏನ್ ಮ್ಯೂಸಿಕ್ ಹಾಕ್ತೀರಿ?”

ಆಮೇಲೆ ಎರಡು ಮೂರು ಸಲ ಕೇಳಿದಳು. ತಿಂಡಿ ತಿನ್ನುವಾಗ, ಚಪ್ಪಲಿ ಹಾಕಿಕೊಳ್ಳುವಾಗ, ಮೆಟ್ಟಿಲ ಸೀನು ಆಯ್ತಾ, ಏನ್ ಹಾಕಿದ್ರಿ. ಇಷ್ಟು ವರ್ಷದಲ್ಲಿ ಅವನ ಯಾವ ಚಿತ್ರದ ಯಾವ ಸೀನಿನ ಬಗ್ಗೆಯೂ ಕೇಳದವಳು! ಹಾಗಾದರೆ ಆ ಸೀನು ಇದೆ ಎಂದು ಇವಳಿಗೆ ಹೇಳಿದವರು ಯಾರು? ಇವಳಿಗೇಕೆ ಅದರ ಚಿಂತೆ? ಕಳ್ಳರಿಗೆ ತಮ್ಮ ಹೆಜ್ಜೆ ಗುರುತಿನದೇ ಚಿಂತೆ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೂ ಇವತ್ತು ಬೆಳಿಗ್ಗೆ ಎದ್ದವನೇ ಕೂತು ಆ ಸೀನಿಗೆ ಸ್ವರ ಬರೆದ. ದೊಡ್ಡ ಪಿಟೀಲಿನಂಥ ಚೆಲ್ಲೋದಲ್ಲಿ ಅತಿ ಕೆಳಗಿನ ತಂತಿಯ ಮೇಲೆ ಒಂದೇ ಒಂದು ಉದ್ದನೆಯ ಸ್ವರ. ಅವಳು ಭುಜ ಆನಿಸಿದಾಗ ಶುರು, ತುಟಿ ಒರೆಸುವಾಗ ಅರ್ಧ ಸ್ವರ ಕೆಳಕ್ಕೆ ಜಾರಿ, ನಗುವಿನ ಕೆಳಗೆ ಕೊಳೆ ನೀರಿನ ಹಾಗೆ ನಿಲ್ಲುತ್ತದೆ. ಅದನ್ನು ಹಾಕಿ ನೋಡಿದರೆ ಪರದೆಯ ಹೆಂಗಸು ಬೇರೆಯೇ ಆಗಿಬಿಟ್ಟಳು. ಈಗ ತಾನೇ ಯಾರದೋ ಮಂಚದಿಂದ ಎದ್ದು ಬಂದವಳು. ಡೈರೆಕ್ಟರ್ ಕುರ್ಚಿಯಿಂದ ಎಗರಿಬಿದ್ದ. “ಸಿಕ್ಬಿಟ್ಳು ಮೇಷ್ಟ್ರೇ! ಒಂದೇ ಸ್ವರದಲ್ಲಿ ಸಿಕ್ಕಿಹಾಕಿಸಿಬಿಟ್ರಲ್ಲ ಅವಳನ್ನ!” ಅವನಿಗೂ ಹಾಗೇ ಅನಿಸಿತ್ತು, ಸಿಕ್ಕಿಬಿದ್ದಳು ಎಂದು. ಸಂತೋಷವಾಗಬೇಕಿತ್ತು. ಬದಲಿಗೆ ಮತ್ತೆ ಮತ್ತೆ ಹಾಕಿಸಿ ನೋಡಿದ. ನಾಳೆ ಚಿತ್ರದವರ ಮನೆಯವರಿಗೆಲ್ಲ ಮೊದಲ ಪ್ರದರ್ಶನ. ಅವಳು ಅಂಗಡಿಗೆ ರಜೆ ಹೇಳಿಬಂದಿದ್ದಾಳೆ. ಆ ಸ್ವರ ಕೇಳುತ್ತಾಳೆ. ಆಗ ಅವಳ ಮುಖ ನೋಡಬೇಕು ಎಂಬ ಆಸೆ, ನೋಡಬಾರದು ಎಂಬ ಭಯ, ಎರಡೂ ಅವನನ್ನು ಹಿಡಿದು ಅಲ್ಲಾಡಿಸುತ್ತಿದ್ದವು.

ಬಾಗಿಲು ತೆರೆದು ಬೆಳಕು ಒಳಗೆ ಬಿತ್ತು. ನಟಿ. ಪಕ್ಕದ ಕೋಣೆಯಲ್ಲಿ ಒಂದೆರಡು ಮಾತುಗಳನ್ನು ಮತ್ತೆ ಡಬ್ಬಿಂಗ್ ಮಾಡಲು ಬಂದಿದ್ದಳು. ಬಣ್ಣವಿಲ್ಲದ ಮುಖದಲ್ಲಿ ಇನ್ನೂ ಚಿಕ್ಕವಳಂತೆ ಕಂಡಳು. ಕಾದಂಬರಿಯ ಹೆಂಗಸು ಪಿಯಾನೋ ನುಡಿಸುವವಳಾದ್ದರಿಂದ, ಬೆರಳು ಎಲ್ಲಿಡಬೇಕೆಂದು ಕಲಿಯಲು ಆರೇಳು ವಾರ ಅವನ ಮನೆಗೆ ಬರುತ್ತಿದ್ದವಳು. ಗೋಡೆಗೆ ಒರಗಿ ನಿಂತು ದೃಶ್ಯವನ್ನು ಪೂರ್ತಿ ನೋಡಿದಳು. ಚೆಲ್ಲೋ ನಿಂತಿತು. ಶಭಾಷ್ ಎನ್ನುತ್ತಾಳೆ ಎಂದು ಅವನು ಕಾದ.

“ಇದೇನ್ ಸರ್ ಇದು? ಅವಳನ್ನ ಕಳ್ಳಿ ಮಾಡಿಟ್ಟಿದೀರಲ್ಲ.”

“ಅಲ್ವಾ ಹಾಗಾದ್ರೆ?”

“ನಾನು ಹಾಗ್ ಮಾಡಿಲ್ಲ. ನಾನು ಮಾಡಿದ್ದು ಅದಲ್ಲ.” ಅವಳ ದನಿ ನಡುಗಿತು. ಸಿಟ್ಟೋ ದುಃಖವೋ ತಿಳಿಯಲಿಲ್ಲ.

ಅವನು ಕುರ್ಚಿ ತಿರುಗಿಸಿದ. ಸೌಂಡಿನವನು ಬುದ್ಧಿವಂತ, ಕಾಫಿ ನೆಪ ಹೇಳಿ ಹೊರಗೆ ಹೋದ. “ಆ ಹೆಬ್ಬೆರಳು ಎಲ್ಲಿಂದ ತಂದೆ?” ಎಂದು ಕೇಳಿದ. ಎಷ್ಟೋ ದಿನದಿಂದ ಹಲ್ಲಿನ ಸಂದಿಯಲ್ಲಿಟ್ಟುಕೊಂಡಿದ್ದ ಪ್ರಶ್ನೆ, ಬಹಳ ಒರಟಾಗಿ ಬಂತು.

ನಟಿ ನೆಲ ನೋಡಿದಳು. “ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ. ಪಾಠ ಮುಗಿದ್ಮೇಲೆ ಕಾರು ಬರೋ ತನಕ ನಾನು ಬೀದೀಲಿ ನಿಲ್ಲೋ ಹಾಗಿಲ್ವಲ್ಲ, ಜನ ಮುತ್ಕೊಂಡ್ಬಿಡ್ತಾರೆ. ನಿಮ್ಮ ಮೇಲಿನ ಮೆಟ್ಟಿಲಲ್ಲಿ ಕತ್ಲೆಗೆ ಕೂತಿರ್ತಿದ್ದೆ. ಅಕ್ಕ ಬರೋರು. ಬಂದು ಬಾಗಿಲ ಹತ್ರ ನಿಂತ್ಕೊಳ್ಳೋರು.”

“ಯಾಕೆ?”

“ಕೇಳಿಸ್ಕೊಳ್ಳೋಕೆ. ನೀವು ಹೇಗೆ ನುಡಿಸ್ತಿದೀರಿ ಅಂತ. ಮೆಲ್ಲಗೆ ನುಡಿಸ್ತಿದ್ರೆ ಒಂದು ಮುಖ, ರಭಸ ಇದ್ರೆ ಒಂದು ಮುಖ. ಅದಕ್ಕೆ ತಕ್ಕ ಹಾಗೆ ಸರಿ ಮಾಡ್ಕೊಂಡು ಗಂಟೆ ಒತ್ತೋರು. ನುಡಿಸೋದು ನಿಲ್ಲಿಸ್ಬಿಟ್ಟಿದ್ರೆ ಮಾತ್ರ ಒಳಗೆ ಬರ್ತಿರ್ಲಿಲ್ಲ. ವಾಪಸ್ ಕೆಳಗಿಳಿದು, ಬೀದೀಲಿ ಒಂದು ಸುತ್ತು ಹಾಕಿ ಬರೋರು. ಒಂದಿನ ನನ್ನ ನೋಡಿಬಿಟ್ರು. ಪಕ್ಕದಲ್ಲೇ ಬಂದು ಕೂತು ಪೆಪ್ಪರ್‌ಮಿಂಟ್ ಕೊಟ್ರು. ನಿಲ್ಲಿಸಿದಾರೆ ಅಂದ್ರೆ ಪ್ರಶ್ನೆ ರೆಡಿ ಮಾಡ್ತಿದಾರೆ ಅಂತ ಅರ್ಥ ಕಣಮ್ಮ ಅಂತ ನಕ್ರು. ನಾನೇ ಕೇಳ್ದೆ, ಇದನ್ನ ಸಿನಿಮಾಕ್ಕೆ ತಗೊಳ್ಲಾ ಅಕ್ಕ ಅಂತ. ತಗೋ, ಅವರೂ ಒಂದ್ಸಲ ನೋಡ್ಲಿ ಅಂದ್ರು.”

ಅವನಿಗೆ ತಕ್ಷಣ ಹೊಳೆದದ್ದು, ಇದೂ ಹೇಳಿಕೊಟ್ಟ ಮಾತಾಗಿದ್ದರೆ ಎಂದು. ಮೆಟ್ಟಿಲ ಮೇಲೆ ಕೂತು ಪೆಪ್ಪರ್‌ಮಿಂಟ್ ಚೀಪುತ್ತ ಇಬ್ಬರೂ ಸೇರಿ ಹೆಣೆದದ್ದು. ಇವಳು ನಟಿ, ದನಿ ನಡುಗಿಸುವುದು ಇವಳ ಹೊಟ್ಟೆಪಾಡು. ಆ ಯೋಚನೆ ಎಷ್ಟು ಸರಾಗವಾಗಿ ಬಂತೆಂದರೆ ಅವನಿಗೇ ಗಾಬರಿಯಾಯಿತು. ಅವರೂ ಒಂದ್ಸಲ ನೋಡ್ಲಿ. ಹಾಗಾದರೆ ಹೆಂಡತಿ ತನ್ನನ್ನು ಮುಚ್ಚಿಟ್ಟಿರಲಿಲ್ಲ. ಬಾಗಿಲಾಚೆ ನಿಂತದ್ದನ್ನು ಪರದೆಯಷ್ಟು ದೊಡ್ಡದು ಮಾಡಿ ಅವನ ಎದುರಿಗೇ ಕಳಿಸಿದ್ದಳು. ಏನ್ ಮ್ಯೂಸಿಕ್ ಹಾಕಿದ್ರಿ, ಏನ್ ಹಾಕಿದ್ರಿ ಎಂದು ಕೇಳುತ್ತ ಉತ್ತರಕ್ಕೆ ಕಾದಿದ್ದಳು. ಅವನು ಕೊಟ್ಟ ಉತ್ತರ ಆ ಕೆಳಗಿನ ತಂತಿ. ನಾಳೆ ಮಧ್ಯಾಹ್ನ, ನೂರು ಜನರ ನಡುವೆ, ಅದನ್ನು ಕೇಳಿದರೆ ಅವಳು ಏಳುವುದಿಲ್ಲ, ಅಳುವುದಿಲ್ಲ. ಹೆಬ್ಬೆರಳಿನಿಂದ ತುಟಿಯ ಕೊನೆ ಒರೆಸಿಕೊಂಡು ಅವನತ್ತ ತಿರುಗಿ ಚೆನ್ನಾಗಿದೆ ಎನ್ನುತ್ತಾಳೆ, ಮತ್ತು ಇನ್ನೆಂದೂ ಏನನ್ನೂ ಕಳಿಸುವುದಿಲ್ಲ. ಇದೊಂದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

“ಆ ಚೆಲ್ಲೋ ತೆಗೆದುಹಾಕು” ಎಂದ, ಸೌಂಡಿನವನು ಮರಳಿದಾಗ. ಡೈರೆಕ್ಟರ್ ಓಡಿಬಂದು ಕೈ ಕೈ ಹಿಸುಕಿಕೊಂಡ. ಅಂಥಾ ಸ್ವರ ಮೇಷ್ಟ್ರೇ, ಯಾರ ಕಣ್ಣು ಬಿತ್ತು, ಅಲ್ಲಿ ಮತ್ತೆ ಏನಿರುತ್ತೆ? “ಬೆಳಿಗ್ಗೆ ಬಂದು ಹೇಳ್ತೀನಿ” ಎಂದಷ್ಟೇ ಉತ್ತರ ಕೊಟ್ಟು ಅವನು ಹೊರಬಿದ್ದ. ನಟಿ ಮೊಗಸಾಲೆಯಲ್ಲಿ ನಿಂತಿದ್ದಳು. ಅವಳನ್ನು ದಾಟುವಾಗ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. “ಪಿಯಾನೋ ಮೇಲೆ ಬೆರಳು ಇನ್ನೂ ಬಿಗಿ ಇದೆ ನಿಂದು” ಎಂದುಬಿಟ್ಟ.

ಮನೆಗೆ ಬಂದಾಗ ಹೆಂಡತಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಪಿಯಾನೋ ಮುಂದೆ ಕೂತ. ನಿಲ್ಲಿಸಬಾರದು, ಇವತ್ತು ನುಡಿಸುತ್ತಲೇ ಇರಬೇಕು, ಮೆಲ್ಲಗೆ. ಅವಳು ಯಾವ ಮುಖದಲ್ಲಾದರೂ ಒಳಗೆ ಬರಬಹುದು ಎನ್ನುವಂಥದ್ದೇನಾದರೂ. ಅಂಥದ್ದು ಕೈಗೆ ಬರಲಿಲ್ಲ. ಎಷ್ಟೋ ಹೆಂಗಸರು ಎಷ್ಟೋ ಬಾಗಿಲುಗಳಿಂದ ಒಳಗೆ ಬರುವಾಗ ಸ್ವರ ಹಾಕಿಕೊಟ್ಟವನು, ಒಂದೊಂದನ್ನೇ ಹಿಡಿದು ಇದು ನಾಟಕ, ಇದು ಓಲೈಕೆ, ಇದು ತಪ್ಪೊಪ್ಪಿಗೆಯ ವೇಷ ಎಂದು ಬಿಡುತ್ತ ಹೋದ. ತನ್ನ ಮೇಲೆಯೇ ಅನುಮಾನ ಹತ್ತಿದರೆ ಬೆರಳಿಗೆ ಎಲ್ಲಿಯ ಜೀವ. ಅಷ್ಟರಲ್ಲಿ ಗೇಟಿನ ಸದ್ದು. ಕಿವಿ ನಿಮಿರಿತು. ಕೆಳಗಿನ ಮೆಟ್ಟಿಲು, ತಿರುವು, ಮೇಲಿನ ಮೆಟ್ಟಿಲು. ಹೆಜ್ಜೆ ಬಾಗಿಲ ಹತ್ತಿರ ನಿಂತಿತು. ಆಗಲೇ ಅವನಿಗೆ ಗೊತ್ತಾದದ್ದು, ಹೆಜ್ಜೆ ಕೇಳುವ ಆತುರದಲ್ಲಿ ತಾನು ಯಾವಾಗಲೋ ನುಡಿಸುವುದನ್ನು ನಿಲ್ಲಿಸಿದ್ದೇನೆ ಎಂದು. ಕೈ ಪಿಯಾನೋದ ಕೀಗಳ ಮೇಲೆಯೇ ಇತ್ತು. ಒತ್ತು, ಏನಾದರೂ ಒತ್ತು ಎಂದುಕೊಂಡ. ಒತ್ತಿದ್ದರೆ ಬರುತ್ತಿದ್ದದ್ದು ಬೆಳಿಗ್ಗೆಯಿಂದ ತಲೆಯಲ್ಲಿ ಕೊರೆಯುತ್ತಿದ್ದ ಆ ಕೆಳಗಿನ ಸ್ವರವೇ. ಸುಮ್ಮನಿದ್ದ. ಹೊರಗೆ ಚೀಲ ಒಂದು ಹೆಗಲಿನಿಂದ ಇನ್ನೊಂದಕ್ಕೆ ಹೋದ ಸಣ್ಣ ಸರಬರ. ಆಮೇಲೆ ಹೆಜ್ಜೆಗಳು ಕೆಳಗಿಳಿದವು.

ಅಭ್ಯಾಸಬಲದಿಂದ ಕಿಟಕಿಯ ಕಡೆಗೆ ಹೊರಟ, ಎಲ್ಲಿಗೆ ಹೋಗುತ್ತಾಳೆ ನೋಡಲು. ಅರ್ಧ ದಾರಿಯಲ್ಲಿ ತನಗೆ ತಾನೇ ಸಿಕ್ಕಿಬಿದ್ದವನಂತೆ ನಿಂತ. ತಿರುಗಿ ಹೋಗಿ ಬಾಗಿಲು ತೆಗೆದ. ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಮಂಕು ಬಲ್ಬಿನ ಕೆಳಗೆ ಗೋಡೆಯ ಆ ಉಜ್ಜಿದ ಗುರುತು. ದಿನಾ ನೋಡಿದ್ದ, ಅದಕ್ಕಾಗಿ ಒಬ್ಬ ಸಂಭಾವಿತನನ್ನು ಬೈದಿದ್ದ. ಬೀರು ತಗುಲಿದ್ದಾದರೆ ಗೀರು ಉದ್ದಕ್ಕೆ ಇರಬೇಕಿತ್ತು. ಇದು ಅಂಗೈಯಗಲ, ನಯವಾಗಿ, ಬಟ್ಟೆ ತಾಗಿ ತಾಗಿ ಸವೆದದ್ದು. ಹೊಸ ಬಣ್ಣವನ್ನೂ ದಾಟಿ ಹಳೆಯ ಬಣ್ಣಕ್ಕೆ ಇಳಿದಿತ್ತು. ಮೇಲಿನ ಮಹಡಿಯವನು ನುಂಗಿಕೊಂಡ ಮಾತು ಇದೇ. ಅವನು ಅಲ್ಲಿ ನಿಂತು ಭುಜ ಆನಿಸಿ ನೋಡಿದ. ಅವನ ಭುಜ ಗುರುತಿಗಿಂತ ಮೇಲೆ ಹೋಯಿತು. ಮೊಣಕಾಲು ಸ್ವಲ್ಪ ಬಗ್ಗಿಸಿದ ಮೇಲೆ ಸರಿಯಾಗಿ ಕೂತಿತು. ಹಾಗೆ ಬಗ್ಗಿ ನಿಂತು ತನ್ನ ಮನೆಯನ್ನು ಕೇಳಿಸಿಕೊಂಡ. ನಲ್ಲಿ ತೊಟ್ಟಿಕ್ಕುತ್ತಿತ್ತು, ಗಡಿಯಾರ ನಡೆಯುತ್ತಿತ್ತು. ಅಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಎನ್ನುವ ಹಾಗೆ ಉಳಿದದ್ದೆಲ್ಲ ಮೌನ. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಆ ಮನೆಯೊಳಗೆ ಹೋಗಲು ಅವನಿಗೆ ಭಯವಾಯಿತು.

ಎಷ್ಟು ಹೊತ್ತು ನಿಂತಿದ್ದನೋ, ಕೆಳಗೆ ಗೇಟು ಮತ್ತೆ ಸದ್ದು ಮಾಡಿತು. ಸುತ್ತು ಮುಗಿಸಿ ಬರುತ್ತಿದ್ದಳು. ನೇರ ನಿಲ್ಲಬೇಕು ಎಂದುಕೊಳ್ಳುವಷ್ಟರಲ್ಲಿ ತಿರುವು ದಾಟಿ ತಲೆ ಕಂಡಿತು, ಆಮೇಲೆ ಮುಖ. ಇನ್ನೂ ನಾಲ್ಕು ಮೆಟ್ಟಿಲಿರುವಾಗ, ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ ಮುಖ. ಅದರಲ್ಲಿ ಯಾವ ಗಂಡಸೂ ಇರಲಿಲ್ಲ, ಗುಟ್ಟೂ ಇರಲಿಲ್ಲ. ಮನೆ ಬಂತಲ್ಲ ಎನ್ನುವ ದಣಿವು ಇತ್ತು, ಅಷ್ಟೇ. ಇಷ್ಟೇನಾ ಎಂದುಕೊಂಡ.

ಅವಳು ತಲೆಯೆತ್ತಿ ಅವನನ್ನು ಕಂಡಳು, ಅಲ್ಲೇ ನಿಂತಳು. ನೋಡನೋಡುತ್ತಿದ್ದಂತೆ ಆ ಮುಖ ಎದ್ದು ಓಡಾಡತೊಡಗಿತು. ಒಂದು ನಗು ಬಂತು, ನಿಲ್ಲಲಿಲ್ಲ. ಇನ್ನೊಂದು ಬಂತು. ಹೆಬ್ಬೆರಳು ತುಟಿಯವರೆಗೆ ಹೋಗಿ ಅರ್ಧದಲ್ಲಿ ಉಳಿಯಿತು. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ಯಾವ ಮುಖ ಬೇಕೆಂದು ಅವಳಿಗೆ ತಿಳಿಯಲಿಲ್ಲ.

“ಯಾಕ್ರೀ ಇಲ್ಲಿ ನಿಂತಿದೀರಿ? ಕೀ ಮರ್ತು ಹೊರಗೆ ಬಂದ್ರಾ?”

“ಹೂಂ” ಎಂದ.

ಅವನ ಬೆನ್ನ ಹಿಂದೆ ಬಾಗಿಲು ಹಾರು ಹೊಡೆದು ತೆರೆದೇ ಇತ್ತು.